ಕತ್ತಿ ಎತ್ತಿ ನಿಲ್ಲುವವನು

ಮನುಷ್ಯನ ಗುಟ್ಟು ಮುಖದಲ್ಲಿರುತ್ತದೆ ಎಂದು ನಂಬಿದವರು ನಂಬಲಿ. ಕ್ಷೌರದ ಕೆಲಸ ಮಾಡುವವನಿಗೆ ಮಾತ್ರ ಅದು ಕುತ್ತಿಗೆಯ ಹಿಂದೆ ಸಿಗುತ್ತದೆ. ಬೆಳಗಿನ ಆರೂವರೆಗೆ ಬಸ್ ನಿಲ್ದಾಣದಲ್ಲಿ ದೀಪದ ಯಜಮಾನರು ಚೀಲ ಎತ್ತಿಕೊಳ್ಳಲು ಬಗ್ಗಿದರು. ದೊಡ್ಡಳಿಯ ಅವರ ಕುತ್ತಿಗೆ ನೋಡಿದ. ನೋಡಿದವನ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದ ಹಾಗಾಯಿತು. ಕೂದಲಿನ ಕೊನೆಯ ಗೆರೆ ಬಲಗಿವಿಯ ಕಡೆ ಒಂದು ನೂಲಿನಷ್ಟು ಮೇಲಕ್ಕೆ ಹೋಗಿತ್ತು. ಅದು ಎಡಗೈಯವನ ಗೆರೆ. ಆ ಪೇಟೆಯಲ್ಲಿ ಎಡಗೈಯಲ್ಲಿ ಕತ್ತರಿ ಹಿಡಿಯುವವನು ಒಬ್ಬನೇ ಒಬ್ಬ, ಮತ್ತು ಅವನು ಮೂರು ಹೆಜ್ಜೆ ದೂರದಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಹಲ್ಲು ಬಿಡುತ್ತಾ ನಿಂತಿದ್ದ.

ಅವನು ಸಣ್ಣಳಿಯ. ದೊಡ್ಡಳಿಯ, ಸಣ್ಣಳಿಯ ಎಂಬವು ಬೀದಿಯವರು ಇಟ್ಟ ಹೆಸರುಗಳು. ಇಬ್ಬರೂ ಕೆಲಸ ಕಲಿತದ್ದು ಒಂದೇ ಅಂಗಡಿಯಲ್ಲಿ, ಒಬ್ಬನೇ ಗುರುವಿನ ಕೈಕೆಳಗೆ. ಗುರುವಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯ ಮಗಳ ಜೊತೆಗೆ ಅಂಗಡಿಯನ್ನೂ ಹಿರಿಯ ಶಿಷ್ಯನಿಗೆ ಕೊಟ್ಟ. ಕಿರಿಯ ಮಗಳ ಜೊತೆಗೆ ಒಂದು ಕತ್ತರಿಯನ್ನೂ ಒಂದಿಷ್ಟು ಬುದ್ಧಿಮಾತನ್ನೂ ಕಿರಿಯ ಶಿಷ್ಯನಿಗೆ ಕೊಟ್ಟು ಕೈತೊಳೆದುಕೊಂಡ. ಸಣ್ಣಳಿಯ ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಅಂಗಡಿ ಹಾಕಿದ. ಗಾಜಿನ ಬಾಗಿಲು, ಮೇಲೆ ಕೆಳಗೆ ಏರಿಳಿಯುವ ಕುರ್ಚಿ. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎನ್ನುತ್ತಾರೆ. ಇಲ್ಲಿ ಒರೆ ಎರಡಾಗಿದ್ದರೂ ಕತ್ತಿಗಳ ಜಗಳ ನಿಂತಿರಲಿಲ್ಲ. ಜಗಳವೆಂದರೆ ಒಂದೇ ಕಡೆಯಿಂದ, ಅದೂ ಮನಸ್ಸಿನೊಳಗೆ. ಸಣ್ಣಳಿಯ ಎಲ್ಲೇ ಕಂಡರೂ "ಅಣ್ಣಾ, ಚೆನ್ನಾಗಿದ್ದೀರಾ?" ಎಂದು ನಗುತ್ತಿದ್ದ. ಅದಂತೂ ದೊಡ್ಡಳಿಯನಿಗೆ ಸುಟ್ಟ ಗಾಯಕ್ಕೆ ಉಪ್ಪು.

ಇಷ್ಟು ದಿನ ಆ ಹೊಟ್ಟೆಕಿಚ್ಚಿಗೆ ಒಂದು ತಡೆ ಇತ್ತು. ಏರಿಳಿಯುವ ಕುರ್ಚಿ ಬೇಕಾದವರು ಹೋಗಲಿ, ದೀಪದ ಯಜಮಾನರು ನನ್ನವರು ಎಂಬ ತಡೆ. ಮೂವತ್ತೊಂದು ವರ್ಷ ಸಮುದ್ರದ ಕೋಟೆಯ ಮೇಲಿನ ದೀಪಸ್ತಂಭ ಕಾದು ನಿವೃತ್ತರಾದ ಹಿರಿಯರು. ಪೇಟೆಗೆ ಬಂದ ಮೊದಲ ವಾರವೇ ದೊಡ್ಡಳಿಯನ ಅಂಗಡಿ ಹೊಕ್ಕವರು ಇಪ್ಪತ್ತೆರಡು ವರ್ಷ ಗುರುವಾರ ಬೆಳಗ್ಗೆ ಹತ್ತು ಗಂಟೆ ತಪ್ಪಿಸಿರಲಿಲ್ಲ. ಹೆಂಡತಿ ಸತ್ತ ವಾರವೂ ಬಂದು ಕುಳಿತಿದ್ದರು. ಕುರ್ಚಿಯಲ್ಲಿ ಕೂತರೆಂದರೆ ಸಮುದ್ರದ ಕಥೆ. ದೊಡ್ಡಳಿಯ ಸಮುದ್ರವನ್ನೇ ಕಂಡವನಲ್ಲ, ಆದರೆ ಆ ಕಥೆಗಳೆಲ್ಲ ಅವನಿಗೆ ಬಾಯಿಪಾಠ. ಒಂದು ರಾತ್ರಿ ಯಂತ್ರ ಕೆಟ್ಟು, ಬೆಳಗಿನ ತನಕ ದೀಪವನ್ನು ಕೈಯಿಂದಲೇ ತಿರುಗಿಸಿದ್ದಕ್ಕೆ ಸರಕಾರ ಅವರಿಗೆ ಕೊಟ್ಟ ಪ್ರಶಸ್ತಿಪತ್ರದ ನಕಲನ್ನು ಕಾಡಿ ಬೇಡಿ ತಂದು, ಚೌಕಟ್ಟು ಹಾಕಿಸಿ, ಕನ್ನಡಿಯ ಪಕ್ಕದಲ್ಲೇ ನೇತುಹಾಕಿದ್ದ. ಹೊಸ ಗಿರಾಕಿ ಬಂದರೆ ಮೊದಲು ಅದನ್ನು ತೋರಿಸುತ್ತಿದ್ದ, ಆಮೇಲೆ ಕೂದಲಿಗೆ ನೀರು ಚಿಮುಕಿಸುತ್ತಿದ್ದ.

ಅವನ ಕೆಲಸಕ್ಕೊಂದು ಪದ್ಧತಿ ಇತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು. ಕೆನ್ನೆಗೆ ಕತ್ತಿ ಇಟ್ಟ ಮೇಲೆ ಎತ್ತಬಾರದು ಎಂಬುದು ಮಾವನ ಪಾಠ. ಎತ್ತಿದರೆ ನೊರೆ ಒಣಗುತ್ತದೆ, ಗೆರೆ ಕಡಿಯುತ್ತದೆ. ಆದರೆ ಗಿರಾಕಿ ಮಾತಾಡುತ್ತಿದ್ದರೆ? ತುಟಿ ಅಲ್ಲಾಡಿದರೆ ರಕ್ತ ಬಂತೆಂದೇ ಲೆಕ್ಕ. ಅದಕ್ಕೆ ದೊಡ್ಡಳಿಯ ಕಂಡುಕೊಂಡ ಉಪಾಯ ಹೀಗೆ: "ಅಲ್ಲಾಡಬೇಡಿ, ನಾನೇ ಹೇಳ್ತೀನಿ" ಎಂದು ಗಿರಾಕಿಯ ಮಾತನ್ನು ತಾನೇ ಮುಗಿಸುವುದು. ಗಿರಾಕಿ "ನಮ್ಮ ಅತ್ತೆ ಬಂದಿದ್ರು, ಅವರು..." ಎಂದರೆ, ಇವನು "ಹದಿನೈದು ದಿನ ಆದ್ರೂ ಹೊರಟಿಲ್ಲ, ಅಲ್ವಾ?" ಎನ್ನುತ್ತಿದ್ದ. ನೊರೆಯೊಳಗಿನ ಮುಖ ಹೂಂಗುಟ್ಟುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಇರುತ್ತಿತ್ತು. ಸಣ್ಣಳಿಯನಿಗೆ ಈ ವಿದ್ಯೆ ಹತ್ತಲೇ ಇಲ್ಲ. ಗಿರಾಕಿ ಬಾಯಿ ತೆರೆದರೆ ಸಾಕು, ಕತ್ತಿ ಎತ್ತಿ, "ಆಮೇಲೆ?" ಎಂದು ಕಂಬದ ಹಾಗೆ ನಿಂತುಬಿಡುತ್ತಿದ್ದ. "ಕತ್ತಿ ಎತ್ತಿ ನಿಲ್ಲೋನು ಉದ್ಧಾರ ಆದದ್ದು ನಾನು ಕಂಡಿಲ್ಲ" ಎಂದು ಮಾವ ಎಷ್ಟು ಸಲ ಬೈದಿದ್ದನೋ. ಆ ಬೈಗುಳವನ್ನು ದೊಡ್ಡಳಿಯ ಆಸ್ತಿಯ ಹಾಗೆ ಕಾಪಾಡಿಕೊಂಡು ಬಂದಿದ್ದ.

ಹೀಗಿರುವಾಗ ಯಜಮಾನರು ಐದು ಗುರುವಾರ ಬರಲಿಲ್ಲ. ಬೆನ್ನುನೋವು, ಮನೆಯಲ್ಲೇ ಕ್ಷೌರ ಮಾಡಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದರು. ದೊಡ್ಡಳಿಯ ಐದು ಗುರುವಾರವೂ ಹತ್ತರಿಂದ ಹನ್ನೊಂದರವರೆಗೆ ಕುರ್ಚಿ ಖಾಲಿ ಇಟ್ಟ. ಕೂರಲು ಬಂದವರಿಗೆ "ಅದು ಬುಕ್ ಆಗಿದೆ" ಎಂದ. ಮದುವೆಗೆ ಹೊರಟಿದ್ದ ಗಿರಾಕಿಯೊಬ್ಬ ಸಿಟ್ಟಾಗಿ ಎದ್ದು ಹೋದ. ಆರನೆಯ ವಾರ ಯಜಮಾನರೇ ಮನೆಗೆ ಬಂದು, ದೀಪಸ್ತಂಭವನ್ನು ವರ್ಷಕ್ಕೊಂದು ದಿನ ಜನರಿಗೆ ತೆರೆಯುತ್ತಾರೆ, ಈ ಸಲ ಹೋಗೋಣ, ಬರ್ತೀಯಾ ಎಂದು ಕೇಳಿದರು. ಇಪ್ಪತ್ತೆರಡು ವರ್ಷದ ಮಾತು ಅದು. ಪ್ರತಿ ವರ್ಷವೂ "ಮುಂದಿನ ಸಲ" ಎಂದು ತಪ್ಪಿಸಿಕೊಳ್ಳುತ್ತಿದ್ದವರು ಅವರೇ. ದೊಡ್ಡಳಿಯ ಮದುಮಗನ ಹಾಗೆ ಹಿಗ್ಗಿ ಹೊಸ ಅಂಗಿಗೆ ಇಸ್ತ್ರಿ ಹಾಕಿಸಿದ.

ಬೆಳಗ್ಗೆ ಅವನು ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಬೇಯಿಸಿದ ಮೊಟ್ಟೆ, ಬ್ರೆಡ್ಡು ಕಟ್ಟುತ್ತಾ ಮೆಲ್ಲಗೆ ಬಾಂಬು ಹಾಕಿದಳು.

"ನನ್ನ ತಂಗಿ ಗಂಡನೂ ಬರ್ತಾನಂತೆ."

"ಅವನ್ಯಾಕೆ? ಅವನಿಗೂ ಯಜಮಾನರಿಗೂ ಏನು ಸಂಬಂಧ?"

"ನನ್ನೇನು ಕೇಳ್ತೀರಿ? ಯಜಮಾನ್ರೇ ಕರೆದ್ರಂತೆ. ನೋಡಿ, ದಾರೀಲಿ ಮುಖ ಊದಿಸ್ಕೋಬೇಡಿ. ಆ ಮುಖ ನೋಡಿದ್ರೆ ಸಮುದ್ರವೂ ಹಿಂದೆ ಸರಿಯುತ್ತೆ."

ಅವನಿಗೆ ನಗು ಬರಲಿಲ್ಲ. ಈಗ ನಿಲ್ದಾಣದಲ್ಲಿ ಆ ಕುತ್ತಿಗೆ ನೋಡಿದ ಮೇಲೆ ಸಂಬಂಧ ಏನೆಂಬುದು ತಿಳಿಯಿತು. ಬೆನ್ನುನೋವಂತೆ ಬೆನ್ನುನೋವು! ಆ ಕುತ್ತಿಗೆಯ ಮೇಲೆ ಕನಿಷ್ಠ ಮೂರು ಸಲ ಎಡಗೈ ಆಡಿತ್ತು. ಒಂದೇ ಸಲಕ್ಕೆ ಕೂದಲು ಹಾಗೆ ಕೂರುವುದಿಲ್ಲ. ಗಂಡ ಇನ್ನೊಬ್ಬಳ ಮನೆಗೆ ಹೋಗಿಬಂದದ್ದು ಹೆಂಗಸರಿಗೆ ವಾಸನೆಯಲ್ಲೇ ತಿಳಿಯುತ್ತದಂತೆ. ಇಷ್ಟು ಕಾಲ ಅದನ್ನು ಅವನು ನಂಬಿರಲಿಲ್ಲ.

ಬಸ್ಸಿನಲ್ಲಿ ಮೂರು ಜನ ಕೂರುವ ಸೀಟು. ದೊಡ್ಡಳಿಯ ನುಗ್ಗಿ ಹೋಗಿ ಯಜಮಾನರಿಗೆ ಕಿಟಕಿ ಹಿಡಿದ, ಪಕ್ಕದಲ್ಲಿ ತಾನು ಕುಳಿತ. ಯಜಮಾನರು ಕಾಲು ಚಾಚಬೇಕೆಂದು ಅಂಚಿಗೆ ಬಂದರು. ಸಣ್ಣಳಿಯ ನಡುವೆ ಸೇರಿದ. ಕೊನೆಗೆ ಕಿಟಕಿ ದೊಡ್ಡಳಿಯನ ಪಾಲಿಗೆ ಬಂತು, ಜೊತೆಗೆ ಗಾಳಿ, ಧೂಳು ಮತ್ತು ಷಡ್ಡಕನ ಮೊಣಕೈ.

ಊರು ದಾಟುತ್ತಿದ್ದಂತೆ ಯಜಮಾನರು ಕಥೆ ತೆಗೆದರು. "ಒಂದ್ಸಲ ಒಂದು ಆಡು ದೀಪಸ್ತಂಭ ಹತ್ತಿಬಿಟ್ಟಿತ್ತು. ನೂರ ನಲವತ್ತೆರಡು ಮೆಟ್ಟಿಲು! ಹತ್ತೋದೇನೋ ಹತ್ತಿತು, ಆದರೆ..."

"ಇಳಿಯೋಕೆ ಬರಲಿಲ್ಲ!" ಎಂದ ದೊಡ್ಡಳಿಯ, ಕಿಟಕಿಯ ಕಡೆಯಿಂದ.

"ಹೂಂ. ಅದು ನಮ್ಮ ದಿನಚರಿ ಪುಸ್ತಕದ..."

"ಎರಡು ಹಾಳೆ ತಿಂದುಹಾಕಿತ್ತು. ಇವರು ಹೆಗಲ ಮೇಲೆ ಹೊತ್ಕೊಂಡು ಇಳಿದರು. ಕೆಳಗೆ ಬಂದರೆ ತಪಾಸಣೆಗೆ ಬಂದ ಸಾಹೇಬರು! ಅವರು ಕೇಳ್ತಾರೆ, 'ನಿಮ್ಮಿಬ್ಬರಲ್ಲಿ ಸಹಾಯಕ ಯಾರಯ್ಯಾ?' ಅಂತ!"

ಹೇಳಿ ಮುಗಿಸಿ ದೊಡ್ಡಳಿಯ ತಾನೇ ಗಟ್ಟಿಯಾಗಿ ನಕ್ಕ. ಮುಂದಿನ ಸೀಟಿನವರೂ ನಕ್ಕರು. ನೋಡಿದೆಯಾ, ನನಗೆ ಎಲ್ಲ ಗೊತ್ತು, ನೀನು ನಿನ್ನೆ ಮೊನ್ನೆ ಬಂದವನು ಎಂಬುದು ಆ ನಗುವಿನ ಅರ್ಥ. ಸಣ್ಣಳಿಯ ಮಾತ್ರ ಯಜಮಾನರ ಕಡೆಗೇ ತಿರುಗಿ ಕೇಳಿದ, "ಆ ಆಡು ಯಾರದ್ದಾಗಿತ್ತು?"

"ಯಾರದ್ದಾದರೆ ಏನು? ಕಥೆ ಇರೋದು ಸಾಹೇಬರ ಮಾತಲ್ಲಿ" ಎಂದ ದೊಡ್ಡಳಿಯ.

ಯಜಮಾನರು ತೆರೆದ ಬಾಯಿ ಮುಚ್ಚಿ, ಚೀಲದ ಹಿಡಿಕೆ ತಿರುವುತ್ತಾ ಕುಳಿತರು.

ಕೋಟೆ ಬಂತು. ಸಮುದ್ರಕ್ಕೆ ಚಾಚಿದ ಕಲ್ಲಿನ ಗುಡ್ಡ, ಅದರ ಸುತ್ತ ಕಪ್ಪು ಗೋಡೆ, ಗೋಡೆಯ ತುದಿಯ ಬುರುಜಿನ ಮೇಲೆ ಬಿಳಿಯ ದೀಪಸ್ತಂಭ. ದೊಡ್ಡಳಿಯ ಮೊದಲ ಸಲ ಸಮುದ್ರ ನೋಡಿದ. ಇನ್ನೊಂದು ದಿನವಾಗಿದ್ದರೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದನೇನೋ. ಹೊಟ್ಟೆ ಉರಿಯುವವನ ಕಣ್ಣಿಗೆ ಅಷ್ಟು ನೀರೂ ಸಾಲದು. ಅವನು ನೋಡುತ್ತಿದ್ದದ್ದು ಯಜಮಾನರು ಟಿಕೆಟ್ ಕೊಳ್ಳುವಾಗ ಚೀಲ ಯಾರ ಕೈಗೆ ಕೊಟ್ಟರು ಎಂಬುದನ್ನು. ಸಣ್ಣಳಿಯನ ಕೈಗೆ ಕೊಟ್ಟರು.

ಹೆಬ್ಬಾಗಿಲಿನ ಮರದ ಕದಕ್ಕೆ ಆನೆ ಗುದ್ದದಂತೆ ಹೊಡೆದ ಮೊಳೆಗಳು, ಒಳಗೆ ಹುಲ್ಲು ಬೆಳೆದ ಮದ್ದಿನ ಮನೆ, ನೀರು ಬತ್ತಿದ ಬಾವಿ. ಮುರಿದ ಗೋಡೆಯ ಸಂದಿನಲ್ಲಿ ಗಾಳಿ ಸಿಳ್ಳು ಹಾಕುತ್ತಿತ್ತು. ಒಂದು ತುಕ್ಕು ಹಿಡಿದ ಫಿರಂಗಿ ಸಮುದ್ರ ಬಿಟ್ಟು ಊರಿನ ಕಡೆಗೆ ಬಾಯಿ ಮಾಡಿ ನಿಂತಿತ್ತು. "ಇದು ಯಾಕೆ ಹೀಗೆ ಅಂದ್ರೆ..." ಎಂದು ಯಜಮಾನರು ಶುರು ಮಾಡಿದರು. "ಕೋಟೆಯವರಿಗೆ ಶತ್ರುಗಿಂತ ಊರಿನೋರ ಹೆದರಿಕೆ ಜಾಸ್ತಿ ಇತ್ತು!" ಎಂದು ದೊಡ್ಡಳಿಯ ಮುಗಿಸಿದ. ಬಾವಿಯ ಕಥೆಯನ್ನೂ ಅವನೇ ಮುಗಿಸಿದ. ಕಳ್ಳದಾರಿಯ ಕಥೆಯನ್ನು ಯಜಮಾನರು ಶುರು ಮಾಡುವ ಮೊದಲೇ ಮುಗಿಸಿದ.

ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿದರು. ಯಜಮಾನರು ಮೊದಲ ಮೊಟ್ಟೆ ಸುಲಿದು ಸಣ್ಣಳಿಯನಿಗೆ ಕೊಟ್ಟರು. ಆ ಮೊಟ್ಟೆ ಬೇಯಿಸಿದ್ದು ಯಾರ ಹೆಂಡತಿ? ದೊಡ್ಡಳಿಯನಿಗೆ ಇನ್ನು ತಡೆಯಲಾಗಲಿಲ್ಲ.

"ಯಜಮಾನ್ರ ಕಟಿಂಗ್ ಚೆನ್ನಾಗಿದೆ," ಎಂದ, ಸಮುದ್ರಕ್ಕೆ ಹೇಳುವವನ ಹಾಗೆ. "ಬಲಗಡೆ ಮಾತ್ರ ಒಂದು ಎಳೆ ಮೇಲಾಗಿದೆ. ಎಲ್ಲರ ಕಣ್ಣಿಗೂ ಬೀಳಲ್ಲ ಬಿಡಿ."

ಯಜಮಾನರ ಕೈ ಕುತ್ತಿಗೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ನಿನಗೆ ಹೇಳ್ಬೇಕು ಅಂತಾನೇ ಇದ್ದೆ," ಎಂದರು.

"ಹೇಳೋದೇನಿದೆ? ಏರಿಳಿಯೋ ಕುರ್ಚಿ, ಬೆನ್ನಿಗೆ ಒಳ್ಳೇದು. ನಮ್ಮದು ಮಾವನ ಕಾಲದ ಮರದ ಕುರ್ಚಿ."

"ಅಣ್ಣಾ, ಹಾಗಲ್ಲ..." ಎಂದ ಸಣ್ಣಳಿಯ.

"ನೀನು ಸುಮ್ಮನಿರು. ಮಾವ ನಿನಗೆ ಕತ್ತರಿ ಕೊಟ್ಟದ್ದು ಕೂದಲು ಕತ್ತರಿಸೋಕೆ. ಸಂಬಂಧ ಕತ್ತರಿಸೋಕಲ್ಲ."

ಮಾತು ಹೊರಬಿದ್ದ ಮೇಲೆ ಅವನಿಗೇ ನಾಚಿಕೆಯಾಯಿತು. ಆದರೆ ಆಡಿದ ಮಾತು, ಕತ್ತರಿಸಿದ ಕೂದಲು ಎರಡೂ ಹಿಂದೆ ಬರುವುದಿಲ್ಲ. ಸಣ್ಣಳಿಯ ತಲೆ ತಗ್ಗಿಸಿ ಮೊಟ್ಟೆಯ ಚಿಪ್ಪುಗಳನ್ನು ಕಾಗದದಲ್ಲಿ ಕಟ್ಟಿದ. ಯಜಮಾನರು ಎದ್ದು, "ನಡೀರಿ, ಮೇಲೆ ಹೋಗೋಣ," ಎಂದಷ್ಟೇ ಹೇಳಿದರು.

ದೀಪಸ್ತಂಭದ ಮೆಟ್ಟಿಲು ಸುರುಳಿ ಸುರುಳಿಯಾಗಿ ಗೋಡೆಗೆ ಅಂಟಿಕೊಂಡು ಹತ್ತುತ್ತಿತ್ತು. ಯಜಮಾನರಿಗೆ ಮೊಣಕಾಲು ಆಗದು. ಇಬ್ಬರೂ ಹೆಗಲು ಕೊಟ್ಟರು. ಅವರು ನಡುವೆ ನಿಂತು ಒಂದು ಕ್ಷಣ ಆ ಹೆಗಲು ಈ ಹೆಗಲು ನೋಡಿ, ಎರಡನ್ನೂ ಬಿಟ್ಟು ಕಬ್ಬಿಣದ ಕಂಬಿ ಹಿಡಿದರು. ಷಡ್ಡಕನ ಹೆಗಲನ್ನು ಹಿಡಿಯಲಿಲ್ಲವಲ್ಲ ಎಂದು ದೊಡ್ಡಳಿಯನಿಗೆ ಸಮಾಧಾನ. ನೂರ ನಲವತ್ತೆರಡು ಮೆಟ್ಟಿಲಿಗೂ ಅಷ್ಟೇ ಸಮಾಧಾನ ಅವನಿಗೆ ಸಿಕ್ಕಿದ್ದು.

ಮೇಲಿನ ದೀಪದ ಕೋಣೆಯಲ್ಲಿ ಹದಿನೈದಿಪ್ಪತ್ತು ಜನ ಸೇರಿದ್ದರು. ನಡುವೆ ಮನುಷ್ಯನೆತ್ತರದ ಗಾಜಿನ ಗೂಡು, ಪಟ್ಟಿ ಪಟ್ಟಿಯಾದ ದಪ್ಪ ಗಾಜು, ಒಳಗೆ ಈಗ ಒಂದು ಸಣ್ಣ ವಿದ್ಯುತ್ ದೀಪ. ಅದನ್ನೀಗ ನೋಡಿಕೊಳ್ಳುವ ಅಧಿಕಾರಿ ಹೆಂಗಸು ವಿವರಿಸುತ್ತಿದ್ದಳು: ದೀಪ ಒಂದೇ ಸಮನೆ ಉರಿಯುತ್ತದೆ, ತಿರುಗುವುದು ಗಾಜಿನ ಗೂಡು. ದೂರದವರಿಗೆ ಅದು ಮಿಂಚಿ ಆರಿದಂತೆ ಕಾಣುತ್ತದೆ. ಹಿಂದೆ ತೂಕದ ಕಲ್ಲು ಕಟ್ಟಿದ ಗಡಿಯಾರದ ಯಂತ್ರ ಅದನ್ನು ತಿರುಗಿಸುತ್ತಿತ್ತು.

"ಯಂತ್ರ ಕೆಟ್ಟುಹೋದ್ರೆ?" ಎಂದು ಯಾರೋ ಕೇಳಿದರು.

ದೊಡ್ಡಳಿಯ ಕಾಯುತ್ತಿದ್ದದ್ದು ಇದನ್ನೇ. ಅವನು ಯಜಮಾನರ ತೋಳು ಹಿಡಿದು ಮುಂದೆ ತಂದ. ಇಷ್ಟೂ ಜನರ ಮುಂದೆ, ಮುಖ್ಯವಾಗಿ ಒಬ್ಬನ ಮುಂದೆ, ಇವರು ಯಾರ ಆಸ್ತಿ ಎಂದು ತೋರಿಸಿಬಿಡಬೇಕು.

"ಕೆಟ್ಟುಹೋಗಿತ್ತು! ಇವರೇ ಆಗ ಇಲ್ಲಿ ಇದ್ದೋರು. ಜೊತೆಗಾರ ರಜೆ ಮೇಲೆ. ಮಳೆ, ಗಾಳಿ, ಮಂಜು. ಇವರ ಸ್ನೇಹಿತ ಒಬ್ಬ, ಈ ದೀಪಕ್ಕೆ ಎಣ್ಣೆ ತರೋ ದೋಣಿಯವನು, ಸಮುದ್ರದಲ್ಲಿ ಸಿಕ್ಕಿಹಾಕಿಕೊಂಡಿದ್ದ. ಯಂತ್ರ ನಿಂತುಹೋಯ್ತು. ಇವರು ಏನು ಮಾಡಿದ್ರು ಗೊತ್ತಾ? ಈ ಗಾಜಿನ ಗೂಡಿಗೆ ಕೈ ಕೊಟ್ಟು ಇಡೀ ರಾತ್ರಿ ಒಬ್ಬರೇ ತಿರುಗಿಸಿದ್ರು! ಅಂಗೈಯೆಲ್ಲ ಬೊಬ್ಬೆ. ಬೆಳಗ್ಗೆ ದೋಣಿಯವನು ದಡ ಮುಟ್ಟಿ, ಮೇಲೆ ಹತ್ತಿ ಬಂದು, ಇವರನ್ನ ತಬ್ಬಿಕೊಂಡು ಅತ್ತ. ಸರಕಾರದ ಪ್ರಶಸ್ತಿ ಇದೆ, ನನ್ನ ಅಂಗಡೀಲಿ ಹಾಕಿದೀನಿ!"

ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ಹೆಂಗಸು ಕೈಮುಗಿದಳು. ಯಜಮಾನರ ಮುಖ ನೊರೆ ಹಚ್ಚಿದಂತೆ ಬೆಳ್ಳಗಾಗಿತ್ತು. ಅವರು ತೋಳು ಬಿಡಿಸಿಕೊಂಡು, ತಗ್ಗು ಬಾಗಿಲಲ್ಲಿ ಬಗ್ಗಿ, ಹೊರಗಿನ ಸುತ್ತುಪಡಸಾಲೆಗೆ ಹೋಗಿಬಿಟ್ಟರು. ದೊಡ್ಡಳಿಯ ಹಿಂದೆಯೇ ಹೊರಟ. ಸಣ್ಣಳಿಯ ಅವನ ಮಣಿಕಟ್ಟು ಹಿಡಿದ. ಇಷ್ಟು ವರ್ಷದಲ್ಲಿ ಅವನು ಷಡ್ಡಕನನ್ನು ಹಿಡಿದು ನಿಲ್ಲಿಸಿದ್ದು ಅದೇ ಮೊದಲು.

"ಅಣ್ಣಾ, ಸಾಕು."

"ಏನು ಸಾಕು? ಸುಳ್ಳು ಹೇಳಿದ್ನಾ?"

"ನಿಮಗೆ ಆ ಕಥೆಯ ಕೊನೆ ಗೊತ್ತಿಲ್ಲ."

"ನನಗೆ ಗೊತ್ತಿಲ್ವಾ? ಇಪ್ಪತ್ತೆರಡು ವರ್ಷ ಕೇಳಿದೀನಿ ಕಣೋ!"

"ಕೇಳಿಲ್ಲ, ಅಣ್ಣಾ," ಎಂದ ಸಣ್ಣಳಿಯ. ಅವನ ದನಿಯಲ್ಲಿ ಜಂಬ ಇರಲಿಲ್ಲ. ಇದ್ದಿದ್ದರೆ ದೊಡ್ಡಳಿಯನಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಸುತ್ತುಪಡಸಾಲೆಯಲ್ಲಿ ಗಾಳಿ ಅಂಗಿಯನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಯಜಮಾನರು ಕಂಬಿ ಹಿಡಿದು ಕೆಳಗೆ ನೋಡುತ್ತಿದ್ದರು. ಕೆಳಗೆ ಕೋಟೆಗೋಡೆಯ ಬುಡದಲ್ಲಿ ಕಪ್ಪು ಬಂಡೆಗಳು, ಅವುಗಳ ಮೇಲೆ ನೀರು ಒಡೆಯುತ್ತಿತ್ತು. ದೊಡ್ಡಳಿಯ ಪಕ್ಕದಲ್ಲಿ ಹೋಗಿ ನಿಂತ.

"ನಾನೇನಾದ್ರೂ ತಪ್ಪು ಹೇಳಿದ್ನಾ ಯಜಮಾನ್ರೇ?"

ಅವರು ತಿರುಗದೆ ಹೇಳಿದರು. "ಯಂತ್ರ ಕೆಟ್ಟದ್ದು ನಿಜ. ಕೈಯಿಂದ ತಿರುಗಿಸಿದ್ದು ನಿಜ. ನೋಡು, ಒಂದೊಂದು ದೀಪಸ್ತಂಭಕ್ಕೆ ಒಂದೊಂದು ಲೆಕ್ಕ ಇರುತ್ತೆ. ನಮ್ಮದು ಹತ್ತು ಎಣಿಸಿದ್ರೆ ಒಂದು ಮಿಂಚು. ಉತ್ತರದ ಕಡೆ ಇನ್ನೊಂದು ದೀಪ ಇದೆ, ಅದು ಹದಿನೈದಕ್ಕೊಂದು. ಮಂಜಲ್ಲಿ ದಡ ಕಾಣದೇ ಇದ್ದಾಗ ದೋಣಿಯವರು ಎಣಿಸ್ತಾರೆ. ಹತ್ತಾದ್ರೆ ಕೋಟೆ, ಬಂಡೆ ಇದೆ, ದೂರ ಇರು. ಹದಿನೈದಾದ್ರೆ ಆ ಕಡೆ ಮರಳ ದಡ, ನೇರ ಬಾ. ನಾನು ತಿರುಗಿಸ್ತಾ ಇದ್ದೆ. ಗೂಡಿನ ತೂಕ ಎಷ್ಟು ಅಂತೀಯಾ. ನಡುರಾತ್ರಿ ಕಳೀತು. ಕೈ ಸೋತಿತ್ತು, ಆದರೂ ಬಿಡಲಿಲ್ಲ. ದೋಣಿಯವನು..."

ಅಲ್ಲಿಗೆ ನಿಲ್ಲಿಸಿದರು.

ಆ ನಿಲುಗಡೆ ದೊಡ್ಡಳಿಯನಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಲವೂ ಕಥೆ ಇಲ್ಲಿಗೆ ಬರುವ ಹೊತ್ತಿಗೆ ಅವನ ಕತ್ತಿ ಅವರ ಮೇಲ್ದುಟಿಗೆ ಬಂದಿರುತ್ತಿತ್ತು. ಪ್ರತಿ ಸಲವೂ ಅವನು "ಅಲ್ಲಾಡಬೇಡಿ, ನಾನೇ ಹೇಳ್ತೀನಿ, ಬೆಳಗ್ಗೆ ದಡ ಮುಟ್ಟಿದ" ಎಂದಿದ್ದ. ಮೊದಲ ಸಲ ಅದು ಬರೀ ಊಹೆ. ನೊರೆಯೊಳಗಿನ ಮುಖ ಹೂಂ ಎಂದಿತ್ತೋ ಇಲ್ಲವೋ, ಅವನು ನೋಡಿರಲಿಲ್ಲ. ಎರಡನೆಯ ಸಲದಿಂದ ಅದೇ ಕಥೆಯಾಯಿತು. ತಬ್ಬಿಕೊಂಡು ಅತ್ತದ್ದನ್ನು ಯಾವಾಗಲೋ ಒಂದು ಗುರುವಾರ ಅವನೇ ಚಂದಕ್ಕೆ ಸೇರಿಸಿದ್ದ. ಈಗ ಅವನ ಕೈಯಲ್ಲಿ ಕತ್ತಿ ಇರಲಿಲ್ಲ, ಯಜಮಾನರ ಮುಖದ ಮೇಲೆ ನೊರೆ ಇರಲಿಲ್ಲ. ಆದರೂ ಅವರು ಹಳೆಯ ಅಭ್ಯಾಸದಂತೆ ಅಲ್ಲೇ ನಿಂತು ಕಾಯುತ್ತಿದ್ದರು. ದೊಡ್ಡಳಿಯನ ನಾಲಿಗೆಯ ತುದಿಗೆ ಆ ಮಾತು ಬಂತು. ಅವನು ಹಲ್ಲು ಕಚ್ಚಿ ಹಿಡಿದ.

ಬಹಳ ಹೊತ್ತಾಯಿತು.

"ದೋಣಿಯವನು ಎಣಿಸಿದ," ಎಂದರು ಯಜಮಾನರು. "ನನ್ನ ಕೈ ನಿಧಾನ ಆಗಿತ್ತು. ನನಗೇ ಗೊತ್ತಾಗಿರಲಿಲ್ಲ. ಹತ್ತು ಹೋಗಿ ಹದಿನೈದಾಗಿತ್ತು. ಅವನು ನೇರ ಬಂದ. ಇಗೋ, ಈ ಬಂಡೆಗೆ. ಅವನ ತಮ್ಮ ಈಜಿ ಬಂದು ಹೇಳಿದ, 'ಹದಿನೈದು ಸರಿಯಾಗಿ ಎಣಿಸಿದ್ವಿ, ಮೂರು ಸಲ ಎಣಿಸಿದ್ವಿ' ಅಂತ. ಆಫೀಸಿನೋರಿಗೆ ಅದು ತಿಳೀಲಿಲ್ಲ. ಇಡೀ ರಾತ್ರಿ ಕೈಯಿಂದ ತಿರುಗಿಸಿದ ಅಂತ ಪ್ರಶಸ್ತಿ ಕೊಟ್ಟರು. ನಾನೂ ಬಾಯಿ ಬಿಡಲಿಲ್ಲ."

ದೊಡ್ಡಳಿಯನಿಗೆ ತನ್ನ ಅಂಗಡಿಯ ಕನ್ನಡಿ ಕಣ್ಣಿಗೆ ಬಂತು. ಕನ್ನಡಿಯ ಪಕ್ಕ ಚೌಕಟ್ಟು. ಅದರ ಎದುರು ಪ್ರತಿ ಗುರುವಾರ ಕತ್ತು ಅಲ್ಲಾಡಿಸದೆ ಕುಳಿತ ಯಜಮಾನರು.

"ಹೇಳಬಹುದಿತ್ತಲ್ಲ ನನಗೆ," ಎಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಎಷ್ಟು ಸಲ ಶುರು ಮಾಡಿದೆ, ಎಣಿಸಿಲ್ಲ. ನೀನು ಅವನನ್ನ ದಡ ಮುಟ್ಟಿಸಿಬಿಡ್ತಿದ್ದೆ. ಮೊದಮೊದಲು ನನಗೂ ಒಂಥರಾ ಹಿತ ಆಗ್ತಿತ್ತು, ಸುಳ್ಳು ಯಾಕೆ ಹೇಳಲಿ. ವಾರಕ್ಕೊಂದ್ಸಲ ಅವನು ಬದುಕಿ ಬರ್ತಿದ್ದ. ಆದರೆ ವಯಸ್ಸಾಯ್ತು ನೋಡು. ಒಬ್ಬರ ಹತ್ರನಾದ್ರೂ ಹೇಳಿ ಸಾಯೋಣ ಅನ್ನಿಸ್ತು."

ದೊಡ್ಡಳಿಯ ಕೇಳಬಾರದೆಂದುಕೊಂಡ. ಸತ್ತವನ ಮಾತು ನಡೆಯುತ್ತಿರುವಾಗ ಅದನ್ನು ಕೇಳುವವನು ಮನುಷ್ಯನೇ ಅಲ್ಲ ಎಂದುಕೊಂಡ. ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತಿಲ್ಲ.

"ಅವನಿಗೆ ಯಾವಾಗ ಹೇಳಿದ್ರಿ?"

"ಎರಡನೇ ಸಲ ಹೋದಾಗ," ಎಂದರು ಯಜಮಾನರು. "ಕತ್ತಿ ಎತ್ತಿ ಹಿಡ್ಕೊಂಡು ನಿಂತಿದ್ದ. ನೊರೆ ಎಲ್ಲ ಒಣಗಿಹೋಯ್ತು."

ಇಪ್ಪತ್ತೆರಡು ವರ್ಷ ಒಂದು ಕಡೆ, ಎರಡು ಸಲ ಒಂದು ಕಡೆ. ದೊಡ್ಡಳಿಯ ಕಂಬಿ ಹಿಡಿದು ಸಮುದ್ರ ನೋಡುತ್ತಾ ನಿಂತ. ಅಳು ಬಂತು. ಅದು ದೋಣಿಯವನಿಗಾಗಿಯೋ ತನಗಾಗಿಯೋ ಎಂದು ವಿಂಗಡಿಸಲು ಅವನು ಹೋಗಲಿಲ್ಲ.

"ಹಾಗಾದ್ರೆ ನನ್ನನ್ಯಾಕೆ ಕರ್ಕೊಂಡು ಬಂದ್ರಿ?"

"ಕೆಲಸ ಬಿಟ್ಟ ಮೇಲೆ ಇಲ್ಲಿಗೆ ಬಂದಿರಲಿಲ್ಲ. ಒಬ್ಬನೇ ಬರೋಕೆ ಧೈರ್ಯ ಇರಲಿಲ್ಲ. ನಿನ್ನನ್ನ ಬಿಟ್ಟು ಬರೋಕೆ ಮನಸ್ಸಿರಲಿಲ್ಲ. ನೀನೊಬ್ಬನೇ ಬಂದಿದ್ರೆ ನನ್ನ ಬಾಯಿ ತೆರೆಯೋಕೆ ಬಿಡ್ತಿರಲಿಲ್ಲ. ಅದಕ್ಕೆ ಅವನನ್ನೂ ಕರೆದೆ."

ಮರಳಿ ಬರುವ ಬಸ್ಸಿನಲ್ಲಿ ಯಜಮಾನರು ನಡುವೆ ಕುಳಿತರು. ಯಾರೂ ಕಥೆ ಹೇಳಲಿಲ್ಲ. ಪೇಟೆಯ ದೀಪಗಳು ಕಾಣುವ ಹೊತ್ತಿಗೆ ಯಜಮಾನರು ಎರಡೂ ಕಡೆಗೆ ತಿರುಗಿ, "ಒಂದು ಗುರುವಾರ ಅಲ್ಲಿ, ಒಂದು ಗುರುವಾರ ಇಲ್ಲಿ. ಆಗಬಹುದಾ?" ಎಂದರು. ಸಣ್ಣಳಿಯ ಕೂಡಲೇ ಆಗಲಿ ಎಂದ. ದೊಡ್ಡಳಿಯನ ಹೊಟ್ಟೆಯಲ್ಲಿ ಆ ಕಡ್ಡಿ ಇನ್ನೂ ಆರಿರಲಿಲ್ಲ. ಅರ್ಧ ಗುರುವಾರಗಳು ಎಡಗೈಯ ಪಾಲು! ಆದರೂ ತಲೆಯಾಡಿಸಿದ. ಇಳಿಯುವಾಗ ಷಡ್ಡಕನಿಗೆ, "ಕತ್ತರಿ ಮಾತು... ಮನಸ್ಸಿಗೆ ಹಚ್ಕೋಬೇಡ," ಎಂದ. "ಯಾವ ಮಾತು ಅಣ್ಣಾ?" ಎಂದು ಅವನು ನಕ್ಕ. ಆ ನಗು ಅವತ್ತೂ ಉರಿಸಿತು.

ಗುರುವಾರ ಹತ್ತು ಗಂಟೆಗೆ ಯಜಮಾನರು ಬಂದು ಮರದ ಕುರ್ಚಿಯಲ್ಲಿ ಕುಳಿತರು. ಕನ್ನಡಿಯ ಪಕ್ಕ ಚೌಕಟ್ಟು ಇರಲಿಲ್ಲ. ಗೋಡೆಯ ಬಣ್ಣ ಅಷ್ಟು ಚೌಕದಲ್ಲಿ ಮಾತ್ರ ಹೊಸದಾಗಿತ್ತು. ಅವರು ಅದನ್ನು ನೋಡಿದರು. ದೊಡ್ಡಳಿಯ ಬಟ್ಟೆ ಹೊದಿಸಿ, ನೊರೆ ಹಚ್ಚಿ, ಕತ್ತಿ ಮಸೆದು ಎಡಗೆನ್ನೆಯಿಂದ ಶುರು ಮಾಡಿದ. ಗಲ್ಲ ಮುಗಿಯಿತು. ಮೇಲ್ದುಟಿಗೆ ಬಂದ. ಯಜಮಾನರ ತುಟಿ ಅಲ್ಲಾಡಿತು.

"ಆ ಆಡು..."

ಇಳಿಯೋಕೆ ಬರಲಿಲ್ಲ, ಎರಡು ಹಾಳೆ, ಸಾಹೇಬರು, ಸಹಾಯಕ ಯಾರು. ಎಲ್ಲವೂ ಸಾಲಾಗಿ ಅವನ ಬಾಯಿಗೆ ಬಂದು ನಿಂತವು. ಅವನು ಬಲಗೈ ಮೇಲೆತ್ತಿದ. ಮಾವ ಕಂಡಿದ್ದರೆ ಅಂಗಡಿಯನ್ನು ಹಿಂದಕ್ಕೆ ಕೇಳುತ್ತಿದ್ದ.

"ಆ ಆಡು ಯಾರದ್ದು, ಯಜಮಾನ್ರೇ?"

ಯಜಮಾನರು ಕನ್ನಡಿಯಲ್ಲಿ ಅವನ ಕಣ್ಣು ಹುಡುಕಿದರು.

"ದೋಣಿಯವನದ್ದು," ಎಂದರು. "ಅವನು ಹೋದ ಮೇಲೆ ಅದು ದಿನಾ ಮೇಲೆ ಹತ್ತಿ ಬರ್ತಿತ್ತು, ಅವನನ್ನ ಹುಡುಕ್ಕೊಂಡು. ದಿನಾ ನಾನೇ ಹೊತ್ಕೊಂಡು ಇಳಿಸ್ತಿದ್ದೆ."

"ಆಮೇಲೆ?" ಎಂದ ದೊಡ್ಡಳಿಯ.

ಯಜಮಾನರು ಹೇಳತೊಡಗಿದರು. ಬಾಗಿಲ ಬಳಿ ಕಾಯುತ್ತಿದ್ದ ಗಿರಾಕಿ ಗಡಿಯಾರ ನೋಡಿ ಕೆಮ್ಮಿದ. ಅರ್ಧ ಮುಖದ ಮೇಲೆ ನೊರೆ ಒಣಗಿ ಬಿರುಕು ಬಿಡುತ್ತಿತ್ತು, ಅದನ್ನು ಮತ್ತೆ ಹಚ್ಚಬೇಕಾಗುತ್ತಿತ್ತು. ದೊಡ್ಡಳಿಯ ಕತ್ತಿ ಎತ್ತಿ ಹಿಡಿದುಕೊಂಡು ನಿಂತೇ ಇದ್ದ.